ದಂಡ ಕಾದೀತು, ಜೀವ ಕಾಯದು

ಹೊಸದುರ್ಗದಿಂದ ಹೊಳಲ್ಕೆರೆ ಮಾರ್ಗವಾಗಿ ಚಿತ್ರದುರ್ಗಕ್ಕೆ ಸುಮಾರು ಅರವತ್ತು ಕಿಲೋಮೀಟರು. ಹೊಳಲ್ಕೆರೆಯಿಂದ ಹೆಚ್ಚುಕಡಿಮೆ ಅದರ ಅರ್ಧ. ಹಿರಿಯೂರಿನಿಂದ ಹೆದ್ದಾರಿ ಹಿಡಿದರೆ ನಲವತ್ತು. ಕೋಟೆ ನೋಡಲು ಹೊರಟವರಿಗೆ, ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಿಡಿದು ಹೊರಟವರಿಗೆ ಇದೇನೂ ದೂರವಲ್ಲ. ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಊರು ಬಂದಿರುತ್ತದೆ. ಆದರೆ ಹೊಲದಲ್ಲಿ ಹಾವು ಕಚ್ಚಿಸಿಕೊಂಡ ಅಣ್ಣನನ್ನೋ, ಹೆರಿಗೆ ನೋವು ಕಾಣಿಸಿಕೊಂಡ ಅಕ್ಕನನ್ನೋ ಕರೆದೊಯ್ಯುವವರಿಗೆ ಅದೇ ರಸ್ತೆ ಸಾಗಿದಷ್ಟೂ ಮುಗಿಯುವುದಿಲ್ಲ. ‘ತಡ ಮಾಡಬೇಡಿ, ಜಿಲ್ಲಾಸ್ಪತ್ರೆಗೆ ಹೋಗಿ’ ಎಂದು ತಾಲ್ಲೂಕು ಆಸ್ಪತ್ರೆಯ ವೈದ್ಯರು ಚೀಟಿ ಬರೆದುಕೊಟ್ಟ ಮೇಲೆ ಹೆಲ್ಮೆಟ್ಟಿನ ನೆನಪು ಯಾರಿಗಿರುತ್ತದೆ? ವಾಹನದ ಕಾಗದಪತ್ರ ಬೀರುವಿನಲ್ಲೇ ಉಳಿದಿರುತ್ತದೆ. ಊರ ಹೊರಗಿನ ವೃತ್ತದಲ್ಲಿ ಪೊಲೀಸರು ಕೈ ಅಡ್ಡ ಹಿಡಿದಾಗಲೇ ಅದೆಲ್ಲ ನೆನಪಾಗುವುದು.

ಆಗ ಆ ಪೊಲೀಸ್ ಸಿಬ್ಬಂದಿ ಏನು ಮಾಡಬೇಕು? ದಂಡ ಹಾಕಬೇಕೋ, ಬಿಡಬೇಕೋ?

ಶಾಲಾ ಕಾಲೇಜುಗಳ ಚರ್ಚಾಸ್ಪರ್ಧೆಗೆ ಹೇಳಿ ಮಾಡಿಸಿದ ವಿಷಯವಿದು. ‘ಕಾನೂನು ದೊಡ್ಡದೋ, ಜೀವ ದೊಡ್ಡದೋ’ ಎಂದು ಒಂದು ಗಂಟೆ ಮಾತಾಡಿ ಬಹುಮಾನವನ್ನೂ ಗೆಲ್ಲಬಹುದು. ಆದರೆ ರಸ್ತೆಯಲ್ಲಿ ನಿಂತವರಿಗೆ ಒಂದು ಗಂಟೆ ಇರುವುದಿಲ್ಲ, ಒಂದು ನಿಮಿಷವಿರುತ್ತದೆ. ಅವರ ಕಷ್ಟವನ್ನೂ ಮರೆಯಬಾರದು. ಬೆಳಗಿನಿಂದ ಬಿಸಿಲಲ್ಲಿ ನಿಂತವರ ಮುಂದೆ ಕೈಗೆ ಸಿಕ್ಕಿದವರೆಲ್ಲ ಹೇಳುವುದು ಒಂದೇ ಮಾತು: ‘ಅರ್ಜೆಂಟ್ ಸಾರ್!’ ಮದುವೆಗೆ ಹೊರಟವರಿಗೂ ಅರ್ಜೆಂಟು, ಸಿನಿಮಾಕ್ಕೆ ಹೊರಟವರಿಗೂ ಅರ್ಜೆಂಟು. ಹತ್ತು ಸುಳ್ಳು ಕೇಳಿದ ಕಿವಿಗೆ ಹನ್ನೊಂದನೆಯ ನಿಜವೂ ಸುಳ್ಳಾಗಿಯೇ ಕೇಳಿಸಿದರೆ ಅಚ್ಚರಿಯಿಲ್ಲ. ಹಾಗೆ ಕೇಳಿಸಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ನೋವಿನ ಉದಾಹರಣೆಯಿದೆ.

ಮಂಡ್ಯದ ಆ ದಿನ

೨೦೨೫ರ ಮೇ ೨೬. ಮದ್ದೂರು ತಾಲ್ಲೂಕಿನ ದಂಪತಿ ನಾಯಿ ಕಚ್ಚಿದ ತಮ್ಮ ಪುಟ್ಟ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಮಂಡ್ಯದ ಆಸ್ಪತ್ರೆಗೆ ಹೊರಟಿದ್ದರು. ಮಗುವಿಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಮಂಡ್ಯ ನಗರದಲ್ಲಿ ಹೆಲ್ಮೆಟ್ ತಪಾಸಣೆ ನಡೆಸುತ್ತಿದ್ದ ಸಂಚಾರ ಪೊಲೀಸರು ಬೈಕನ್ನು ತಡೆದರು. ಆ ಗಡಿಬಿಡಿಯಲ್ಲಿ ಬೈಕು ಆಯತಪ್ಪಿತು. ರಸ್ತೆಗೆ ಬಿದ್ದ ಮಗು ವಾಹನಕ್ಕೆ ಸಿಕ್ಕಿ ಸತ್ತುಹೋಯಿತು. ಜನ ರಸ್ತೆಯಲ್ಲೇ ಕುಳಿತು ಪ್ರತಿಭಟಿಸಿದರು. ಮೂವರು ಸಹಾಯಕ ಸಬ್ ಇನ್ಸ್‌ಪೆಕ್ಟರುಗಳು ಅಮಾನತಾದರು.

ಹೆಲ್ಮೆಟ್ ಇಲ್ಲದ್ದಕ್ಕೆ ನಮ್ಮ ರಾಜ್ಯದಲ್ಲಿ ದಂಡ ೫೦೦ ರೂಪಾಯಿ. ಆ ಐನೂರು ರೂಪಾಯಿಯ ಲೆಕ್ಕ ಮರುದಿನ ಆಗಿದ್ದರೂ ಸರ್ಕಾರಕ್ಕೆ ನಷ್ಟವಿರಲಿಲ್ಲ. ಬೈಕಿನ ನಂಬರ್ ಪ್ಲೇಟು ಎಲ್ಲಿಗೂ ಓಡಿಹೋಗುತ್ತಿರಲಿಲ್ಲ.

ಘಟನೆಯ ನಂತರ ರಾಜ್ಯ ಪೊಲೀಸ್ ಮುಖ್ಯಸ್ಥ ಎಂ.ಎ. ಸಲೀಂ ಅವರು ವಾಹನ ತಪಾಸಣೆಗೆ ಮಾರ್ಗಸೂಚಿ ಹೊರಡಿಸಿದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲೆಂದು ವಾಹನ ನಿಲ್ಲಿಸಬಾರದು, ಓಡುವ ವಾಹನಕ್ಕೆ ಏಕಾಏಕಿ ಅಡ್ಡ ಹೋಗಬಾರದು, ಕೀ ಕಸಿದುಕೊಳ್ಳಬಾರದು, ವೇಗವಾಗಿ ಹೋದವರನ್ನು ಬೆನ್ನಟ್ಟುವ ಬದಲು ನಂಬರ್ ಗುರುತಿಸಿಕೊಳ್ಳಬೇಕು ಎಂಬುದು ಅದರ ಸಾರಾಂಶ. ಇದು ಹೊಸ ಮಾತೇನಲ್ಲ. ೨೦೨೨ರ ಜೂನ್‌ನಲ್ಲಿ ಆಗಿನ ಮಹಾನಿರ್ದೇಶಕ ಪ್ರವೀಣ್ ಸೂದ್ ಅವರೂ ದಾಖಲೆ ತಪಾಸಣೆಗೆಂದೇ ವಾಹನ ನಿಲ್ಲಿಸಕೂಡದೆಂದು ಹೇಳಿದ್ದರು. ಹೇಳಿದ ಮಾತು ವೃತ್ತದಲ್ಲಿ ನಿಂತವರ ಕೈಗೆ ಇಳಿಯಲು ಮೂರು ವರ್ಷ ಸಾಲಲಿಲ್ಲ.

ಈ ಘಟನೆ ಕಲಿಸುವ ಮೊದಲ ಪಾಠವೆಂದರೆ, ತಡೆಯುವುದು ಬೇರೆ, ದಂಡ ಹಾಕುವುದು ಬೇರೆ. ನಾವು ಎರಡನ್ನೂ ಒಂದೇ ಎಂದುಕೊಂಡಿದ್ದೇವೆ. ತಡೆಯಬೇಕಾದದ್ದು ಮುಂದಾಗುವ ಅಪಾಯವನ್ನು. ದಂಡ ಹಾಕುವುದು ಆಗಿಹೋದ ತಪ್ಪಿಗೆ. ಕುಡಿದು ಓಡಿಸುವವನನ್ನು ಆ ಕ್ಷಣವೇ ತಡೆಯಬೇಕು. ಬಿಟ್ಟರೆ ಮುಂದಿನ ತಿರುವಿನಲ್ಲಿ ಯಾರನ್ನೋ ಕೊಲ್ಲುತ್ತಾನೆ. ವಿಮೆಯ ಕಾಗದ ಮನೆಯಲ್ಲಿ ಬಿಟ್ಟುಬಂದವನು ಯಾರನ್ನೂ ಕೊಲ್ಲುವುದಿಲ್ಲ. ಅವನ ನಂಬರ್ ಬರೆದುಕೊಂಡರೆ ಸಾಕು. ಕ್ಯಾಮೆರಾದಂಥ ಎಲೆಕ್ಟ್ರಾನಿಕ್ ಸಾಧನ ಹಿಡಿದ ತಪ್ಪಿಗೆ ೧೫ ದಿನಗಳೊಳಗೆ ನೋಟಿಸ್ ಕಳಿಸಬೇಕೆಂದು ೨೦೨೧ರ ಕೇಂದ್ರ ನಿಯಮವೇ ಹೇಳುತ್ತದೆ. ಯಂತ್ರಕ್ಕೇ ಅಷ್ಟು ದಿನ ಕಾಯುವ ಅವಕಾಶವಿರುವಾಗ ಮನುಷ್ಯನಿಗೆ ಅರ್ಧ ದಿನ ಕಾಯಲಾಗದೇ?

ಕಾನೂನಿನ ಪುಸ್ತಕದಲ್ಲಿ ಏನಿದೆ?

ನಮ್ಮ ರಸ್ತೆಗಳನ್ನು ಆಳುವುದು ೧೯೮೮ರ ಮೋಟಾರು ವಾಹನ ಕಾಯ್ದೆ. ಅದು ಜಾರಿಗೆ ಬಂದದ್ದು ೧೯೮೯ರ ಜುಲೈ ೧ರಂದು. ೨೦೧೯ರ ತಿದ್ದುಪಡಿಯಲ್ಲಿ ದಂಡಗಳು ಹಲವು ಪಟ್ಟು ಏರಿದವು. ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳಿಗೆ ದಾರಿ ಬಿಡದವರಿಗೆ ೧೦,೦೦೦ ರೂಪಾಯಿ ದಂಡ ಅಥವಾ ೬ ತಿಂಗಳವರೆಗೆ ಸಜೆ ವಿಧಿಸುವ ಹೊಸ ಕಲಮೂ ಆಗಲೇ ಸೇರಿತು. ಆದರೆ ರೋಗಿಯನ್ನು ಸ್ವಂತ ಬೈಕಿನಲ್ಲೋ, ಪಕ್ಕದ ಮನೆಯವರ ಕಾರಿನಲ್ಲೋ, ಗೂಡ್ಸ್ ಆಟೋದಲ್ಲೋ ಕರೆದೊಯ್ಯುವ ಬಡವನಿಗೆ ‘ನಿನಗೆ ಇಂಥ ನಿಯಮದಿಂದ ವಿನಾಯಿತಿ’ ಎಂದು ಹೇಳುವ ಕಲಮು ಅದರಲ್ಲಿಲ್ಲ. ಹಾಗಾದರೆ ಅವನಿಗೆ ದಿಕ್ಕೇನು?

ಮೊದಲನೆಯದಾಗಿ, ಅದೇ ಕಾಯ್ದೆಯ ೨೦೦ನೇ ಕಲಮು ನೋಡಿ. ಸಣ್ಣಪುಟ್ಟ ತಪ್ಪುಗಳನ್ನು ನ್ಯಾಯಾಲಯಕ್ಕೆ ಒಯ್ಯದೆ, ಸರ್ಕಾರ ಗೊತ್ತುಪಡಿಸಿದ ಅಧಿಕಾರಿ ಗೊತ್ತುಪಡಿಸಿದ ಹಣ ಪಡೆದು ಸ್ಥಳದಲ್ಲೇ ಇತ್ಯರ್ಥ ಮಾಡಬಹುದು. ಇಲ್ಲಿರುವುದು ‘ಮಾಡಬಹುದು’ ಎಂಬ ಮಾತು; ‘ಮಾಡಲೇಬೇಕು’ ಎಂದಲ್ಲ. ಆದರೆ ಹಣ ಎಷ್ಟು ಎಂಬುದನ್ನು ಸರ್ಕಾರ ಅಧಿಸೂಚನೆಯಲ್ಲಿ ನಿಗದಿ ಮಾಡಿರುತ್ತದೆ. ಐನೂರನ್ನು ಇನ್ನೂರಕ್ಕೆ ಇಳಿಸುವ ಚೌಕಾಸಿಗೆ ಅಲ್ಲಿ ಜಾಗವಿಲ್ಲ. ರಸೀದಿಯಿಲ್ಲದ ಇನ್ನೂರು ರೂಪಾಯಿಗೆ ವಿವೇಚನೆ ಎಂಬ ಹೆಸರು ಸಲ್ಲುವುದಿಲ್ಲ, ಅದಕ್ಕೆ ಬೇರೆ ಹೆಸರಿದೆ.

ಎರಡನೆಯದು ೧೩೪ನೇ ಕಲಮು. ಅಪಘಾತ ಮಾಡಿದ ಚಾಲಕ ಮೊದಲು ಮಾಡಬೇಕಾದ್ದು ಗಾಯಾಳುವಿಗೆ ಚಿಕಿತ್ಸೆ ಕೊಡಿಸುವ ಕೆಲಸ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಠಾಣೆಗೆ ವರದಿ ಮಾಡಲು ಹೆಚ್ಚೆಂದರೆ ೨೪ ಗಂಟೆಗಳ ಅವಕಾಶವಿದೆ. ಅಂದರೆ ಮೊದಲು ಆಸ್ಪತ್ರೆ, ಆಮೇಲೆ ಠಾಣೆ ಎಂಬ ಕ್ರಮವನ್ನು ಕಾನೂನೇ ಹಾಕಿಕೊಟ್ಟಿದೆ. ಒಬ್ಬನಿಗೆ ಪೆಟ್ಟು ಮಾಡಿದವನಿಗೇ ಕಾನೂನು ಇಷ್ಟು ಸಮಯ ಕೊಡುವಾಗ, ಪೆಟ್ಟು ತಿಂದ ಮಗುವನ್ನು ಹೊತ್ತು ಓಡುವ ತಂದೆಗೆ ಕೊಡಬಾರದೇ?

ಮೂರನೆಯದು ಎಲ್ಲಕ್ಕಿಂತ ಹಳೆಯದು. ೧೮೬೦ರ ಭಾರತೀಯ ದಂಡ ಸಂಹಿತೆಯಲ್ಲಿ ೮೧ನೇ ಕಲಮಾಗಿದ್ದ ತತ್ವವಿದು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ೧೯ನೇ ಕಲಮಾಗಿದೆ. ಅಪರಾಧದ ಉದ್ದೇಶವಿಲ್ಲದೆ, ಇನ್ನೊಂದು ಹಾನಿಯನ್ನು ತಪ್ಪಿಸಲು, ಸದ್ಭಾವನೆಯಿಂದ ಮಾಡಿದ ಕೆಲಸ ಅಪರಾಧವಲ್ಲ ಎಂಬುದು ಅದರ ತಿರುಳು. ವಿದ್ಯಾರ್ಥಿಗಳಿಗೆ ಇಷ್ಟವಾಗುವಂಥ ಉದಾಹರಣೆಯೊಂದು ಅದರ ಜತೆಗಿದೆ. ಹಡಗಿನ ನಾಯಕನೊಬ್ಬ ನೇರ ಹೋದರೆ ಇಪ್ಪತ್ತು ಮೂವತ್ತು ಜನರಿರುವ ದೋಣಿಗೆ ಗುದ್ದುತ್ತಾನೆ. ದಿಕ್ಕು ತಿರುಗಿಸಿದರೆ ಇಬ್ಬರಿರುವ ದೋಣಿಗೆ ಗುದ್ದುವ ಸಂಭವವಿದೆ, ತಪ್ಪಿಸಿಕೊಂಡು ಹೋದರೂ ಹೋಗಬಹುದು. ಹೆಚ್ಚು ಜನರನ್ನು ಉಳಿಸಲು ಸದ್ಭಾವನೆಯಿಂದ ಅವನು ದಿಕ್ಕು ತಿರುಗಿಸಿದರೆ, ಆ ಹಾನಿ ತಪ್ಪಿಸಲು ಅಂಥ ಅಪಾಯ ತೆಗೆದುಕೊಂಡದ್ದು ಕ್ಷಮ್ಯವೆಂದು ಕಂಡುಬಂದರೆ, ಅವನು ಅಪರಾಧಿಯಲ್ಲ.

ಇಲ್ಲಿ ಅವಸರದಲ್ಲಿ ಓದುವವರ ಕಣ್ಣಿಗೆ ಬೀಳದ ಒಂದು ಷರತ್ತಿದೆ. ನಾಯಕ ಆ ಪರಿಸ್ಥಿತಿಗೆ ಸಿಕ್ಕಿದ್ದು ಅವನ ತಪ್ಪಿನಿಂದ, ಅವನ ಅಲಕ್ಷ್ಯದಿಂದ ಆಗಿರಬಾರದು. ನಮ್ಮ ಪ್ರಶ್ನೆಗೆ ಬೀಗದ ಕೈ ಇದೇ. ಅವಸರದಲ್ಲಿ ಎರಡು ಬಗೆ: ತಾನಾಗಿ ಬಂದದ್ದು, ನಾವೇ ತಂದುಕೊಂಡದ್ದು. ಹಾವು ಹೇಳಿ ಕಚ್ಚುವುದಿಲ್ಲ. ಆದರೆ ಪರೀಕ್ಷೆಯ ವೇಳಾಪಟ್ಟಿ ತಿಂಗಳುಗಳ ಮೊದಲೇ ಗೋಡೆಯ ಮೇಲಿರುತ್ತದೆ.

ಮೂರು ಪ್ರಶ್ನೆಗಳು

ಹೀಗೆ ನೋಡಿದರೆ ರಸ್ತೆಯಲ್ಲಿ ನಿಂತ ಪೊಲೀಸ್ ಸಿಬ್ಬಂದಿ ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರೇ ಮೂರು. ಹೇಳುತ್ತಿರುವುದು ನಿಜವೇ? ಅವಸರ ತಾನಾಗಿ ಬಂದದ್ದೇ? ಇವರನ್ನು ಹೀಗೇ ಬಿಟ್ಟರೆ ಬೇರೆಯವರಿಗೆ ಅಪಾಯವಿದೆಯೇ?

ಮೊದಲನೆಯದಕ್ಕೆ ಉತ್ತರ ಸಾಮಾನ್ಯವಾಗಿ ಕಣ್ಣೆದುರೇ ಇರುತ್ತದೆ. ರಕ್ತ ಸುಳ್ಳು ಹೇಳುವುದಿಲ್ಲ, ತಾಯಿಯ ಮುಖವೂ ಹೇಳುವುದಿಲ್ಲ. ಆಸ್ಪತ್ರೆಯ ಚೀಟಿ ಇದ್ದರೆ ಇನ್ನೂ ಸುಲಭ. ಎರಡನೆಯದಕ್ಕೆ ಎರಡು ಮಾತು ಕೇಳಿದರೆ ತಿಳಿಯುತ್ತದೆ. ಮೂರನೆಯದೇ ಗಟ್ಟಿ ಪ್ರಶ್ನೆ. ಹೆಲ್ಮೆಟ್ ಇಲ್ಲ, ಕಾಗದವಿಲ್ಲ, ಸೀಟ್ ಬೆಲ್ಟ್ ಹಾಕಿಲ್ಲ ಎಂದಾದರೆ ಹೊರಗಿನವರಿಗೆ ಅಪಾಯ ಕಡಿಮೆ. ಅಂಥವರನ್ನು ಬಿಡಬೇಕು, ದಂಡ ಬೇಕೇ ಬೇಡವೇ ಎಂಬುದನ್ನು ನಿಧಾನವಾಗಿ ಯೋಚಿಸಬಹುದು. ಆದರೆ ಹಿರಿಯೂರು–ಚಿತ್ರದುರ್ಗ ಹೆದ್ದಾರಿಯಲ್ಲಿ ಎದುರು ದಿಕ್ಕಿನಲ್ಲಿ ಕಾರು ನುಗ್ಗಿಸಿಕೊಂಡು ಬರುವವನ ಜತೆ ರೋಗಿಯಿದ್ದರೂ ಅವನನ್ನು ಹಾಗೇ ಬಿಡಲಾಗದು. ಒಂದು ಜೀವ ಉಳಿಸುವ ಓಟದಲ್ಲಿ ಎದುರಿನಿಂದ ಬರುವ ನಾಲ್ಕು ಜೀವಗಳನ್ನು ಪಣಕ್ಕಿಡುವ ಹಕ್ಕು ಯಾರಿಗೂ ಇಲ್ಲ. ಅಲ್ಲಿ ಪೊಲೀಸರು ಮಾಡಬೇಕಾದ್ದು ರೋಗಿಯನ್ನು ತಮ್ಮ ಜೀಪಿಗೆ ಹತ್ತಿಸಿಕೊಳ್ಳುವುದು ಅಥವಾ ಮುಂದೆ ನಿಂತು ದಾರಿ ಮಾಡಿಕೊಡುವುದು.

ವಿವೇಚನೆ ಎಂದರೆ ಬರೀ ‘ಹೋಗು’ ಎಂದು ಕೈ ಬೀಸುವುದಲ್ಲ. ೨೦೨೩ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಹತ್ತನೇ ತರಗತಿ ಪರೀಕ್ಷೆಯ ಸಮಯ. ಕೋಲ್ಕತ್ತದ ರಸ್ತೆಯಲ್ಲಿ ಒಬ್ಬ ಹುಡುಗಿ ಅಳುತ್ತ ನಿಂತಿದ್ದಳು. ಮನೆಯಲ್ಲಿ ಅಜ್ಜ ತೀರಿಹೋಗಿ ಹಿರಿಯರೆಲ್ಲ ಅಂತ್ಯಕ್ರಿಯೆಗೆ ಹೋಗಿದ್ದರಿಂದ ಜತೆಗೆ ಯಾರೂ ಇರಲಿಲ್ಲ. ಹೌರಾ ಸೇತುವೆ ಸಂಚಾರ ವಿಭಾಗದ ಇನ್ಸ್‌ಪೆಕ್ಟರೊಬ್ಬರು ಅವಳನ್ನು ಇಲಾಖೆಯ ವಾಹನದಲ್ಲಿ ಕೂರಿಸಿಕೊಂಡು, ಸಿಗ್ನಲುಗಳನ್ನು ತೆರವು ಮಾಡಿಸಿ, ಸಮಯಕ್ಕೆ ಸರಿಯಾಗಿ ಪರೀಕ್ಷಾ ಕೇಂದ್ರ ತಲುಪಿಸಿದರು. ಗಮನಿಸಿ: ಅವರು ಯಾವ ನಿಯಮವನ್ನೂ ಸಡಿಲಿಸಲಿಲ್ಲ. ಹುಡುಗಿಯ ಅವಸರವನ್ನು ತಮ್ಮದಾಗಿ ಮಾಡಿಕೊಂಡರು, ಅಷ್ಟೆ.

ಮಕ್ಕಳಿಗೂ ಅಪ್ಪಂದಿರಿಗೂ

ಪರೀಕ್ಷೆಯ ಮಾತು ಬಂತು. ಮಾರ್ಚ್ ತಿಂಗಳಲ್ಲಿ ಹೊಳಲ್ಕೆರೆಯಲ್ಲೋ ಹೊಸದುರ್ಗದಲ್ಲೋ ಪರೀಕ್ಷಾ ಕೇಂದ್ರದ ಬಳಿ ಬೆಳಿಗ್ಗೆ ನಿಂತು ನೋಡಿ. ಒಂದು ಬೈಕಿಗೆ ಮೂವರು, ಓಡಿಸುವವನಿಗೆ ಹದಿನಾರು ವರ್ಷ, ಹಿಂದೆ ಕುಳಿತವನ ಕೈಯಲ್ಲಿ ತೆರೆದ ನೋಟ್ಸು! ‘ಪರೀಕ್ಷೆ ಸಾರ್, ಬಿಟ್ಟುಬಿಡಿ’ ಎಂದರೆ ಪೊಲೀಸರು ಬಿಡಬೇಕೇ? ಮೂರು ಪ್ರಶ್ನೆಗಳನ್ನು ಹಾಕಿ ನೋಡಿ. ಪರೀಕ್ಷೆ ನಿಜ. ಆದರೆ ಅವಸರ ತಾನಾಗಿ ಬಂದದ್ದಲ್ಲ. ಅಪಾಯವಂತೂ ಓಡಿಸುವವನಿಗೂ ಉಳಿದಿಬ್ಬರಿಗೂ ದಾರಿಯಲ್ಲಿ ನಡೆಯುವವರಿಗೂ ಇದ್ದೇ ಇದೆ. ಇಲ್ಲಿ ಸರಿಯಾದ ವಿವೇಚನೆಯೆಂದರೆ ಹುಡುಗರನ್ನು ಪರೀಕ್ಷೆಗೆ ಕಳಿಸಿ, ಬೈಕನ್ನು ಠಾಣೆಯಲ್ಲಿ ನಿಲ್ಲಿಸಿಕೊಂಡು, ಸಂಜೆ ಅಪ್ಪನನ್ನು ಕರೆಸುವುದು.

ಅಪ್ಪನಿಗೆ ಇದರಲ್ಲೇನು ಪಾತ್ರ ಎನ್ನಬೇಡಿ. ಗೇರಿರುವ ಬೈಕು ಓಡಿಸಲು ಹದಿನೆಂಟು ವರ್ಷ ತುಂಬಿರಬೇಕು. ಅಪ್ರಾಪ್ತರು ವಾಹನ ಓಡಿಸಿ ತಪ್ಪು ಮಾಡಿದರೆ, ೨೦೧೯ರಲ್ಲಿ ಸೇರಿದ ೧೯೯ಎ ಕಲಮಿನಂತೆ ಹೊಣೆ ಪೋಷಕರದು ಅಥವಾ ವಾಹನದ ಮಾಲೀಕರದು. ೩ ವರ್ಷದವರೆಗೆ ಸಜೆ, ೨೫,೦೦೦ ರೂಪಾಯಿ ದಂಡ, ವಾಹನದ ನೋಂದಣಿ ೧೨ ತಿಂಗಳು ರದ್ದು. ಆ ಹುಡುಗನಿಗೆ ೨೫ ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಪಕ್ಕದ ಶಿವಮೊಗ್ಗವೂ ಸೇರಿದಂತೆ ರಾಜ್ಯದ ಹಲವೆಡೆ ನ್ಯಾಯಾಲಯಗಳು ಪೋಷಕರಿಗೆ ಈ ಇಪ್ಪತ್ತೈದು ಸಾವಿರದ ದಂಡ ವಿಧಿಸಿವೆ.

ತಂದೆತಾಯಿಗಳಿಗೆ ಇನ್ನೊಂದು ಸಮಾಧಾನದ ಮಾತು. ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಎರಡಕ್ಕೂ ೨೦೨೪ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ನಡೆಸುವ ಪದ್ಧತಿ ಬಂದಿದೆ. ತಪ್ಪಿದ ಪರೀಕ್ಷೆಯನ್ನು ಮತ್ತೆ ಬರೆಯಬಹುದು. ಮಗನಿಗೆ ಬೈಕಿನ ಕೀ ಕೊಡುವ ಮುನ್ನ ಈ ಮಾತು ನೆನಪಿರಲಿ. ಅದಕ್ಕಿಂತ ಮುಖ್ಯವಾಗಿ, ಬೆಳಗಿನ ಮೊದಲ ಬಸ್ಸಿಗೆ ಅವನನ್ನು ಎಬ್ಬಿಸಿ ಕಳಿಸಿ.

ವಿವೇಚನೆಯ ಇನ್ನೊಂದು ಮುಖ

ಪೊಲೀಸರಿಗೆ ವಿವೇಚನೆ ಕೊಡಿ ಎಂದೊಡನೆ ಓದುಗರಲ್ಲಿ ಕೆಲವರು ನಕ್ಕಿರಬಹುದು. ಅವರ ನಗುವಿಗೆ ಕಾರಣವಿದೆ. ನಮ್ಮಂಥ ಸಣ್ಣ ಊರುಗಳಲ್ಲಿ ವಿವೇಚನೆ ಈಗಲೂ ಧಾರಾಳವಾಗಿದೆ. ಆದರೆ ಅದು ನಡೆಯುವುದು ಫೋನಿನಲ್ಲಿ. ‘ನಮ್ಮ ಹುಡುಗ, ಬಿಟ್ಟುಬಿಡಿ’ ಎಂದು ಹೇಳಲು ಯಾರಾದರೂ ಇದ್ದರೆ ಮೂವರು ಕುಳಿತ ಬೈಕೂ ಹೋಗುತ್ತದೆ. ಕೂಲಿಯವನ ಹೆಗಲ ಮೇಲೆ ಜ್ವರದ ಮಗುವಿದ್ದರೂ ಅವನ ಪರವಾಗಿ ಫೋನು ಮಾಡುವವರಿಲ್ಲ. ನಿಜವಾದ ಅವಸರ ಇರುವವನಿಗೆ ಪರಿಚಯವಿಲ್ಲ, ಪರಿಚಯ ಇರುವವನಿಗೆ ಅವಸರವಿಲ್ಲ. ‘ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ’ ಎಂಬ ಗಾದೆ ಇಲ್ಲಿ ತಲೆಕೆಳಗಾಗಿ, ದೊಡ್ಡವರಿಗೇ ಬೇರೆ ದಾರಿಯಾಗಿದೆ.

ಹಾಗೆಂದು ವಿವೇಚನೆಯನ್ನೇ ಕಿತ್ತುಹಾಕಿದರೆ ಏನಾಗುತ್ತದೆ? ಫೋನು ನಿಲ್ಲುವುದಿಲ್ಲ. ಬಡವನಿಗೆ ಅಷ್ಟಿಷ್ಟು ಸಿಗುತ್ತಿದ್ದ ಕರುಣೆ ಮಾತ್ರ ನಿಂತುಹೋಗುತ್ತದೆ. ಮದ್ದು ಇರುವುದು ವಿವೇಚನೆಯನ್ನು ಬೆಳಕಿಗೆ ತರುವುದರಲ್ಲಿ. ಬಿಟ್ಟ ಪ್ರತಿ ವಾಹನಕ್ಕೂ ಒಂದು ಸಾಲು ಬರೆದಿಡಲಿ: ನಂಬರ್, ವೇಳೆ, ಕಾರಣ. ‘ಹಾವು ಕಡಿತ, ಜಿಲ್ಲಾಸ್ಪತ್ರೆಗೆ’ ಎಂದು ಬರೆಯಲು ಯಾರಿಗೂ ಸಂಕೋಚವಾಗದು. ‘ಇಂಥವರ ಫೋನು ಬಂತು’ ಎಂದು ಬರೆಯಲು ಯಾವ ಪೆನ್ನೂ ಮುಂದೆ ಬಾರದು. ಆ ಒಂದು ಸಾಲು ನಿಜವಾದ ಅವಸರವನ್ನೂ ಶಿಫಾರಸನ್ನೂ ಬೇರ್ಪಡಿಸುತ್ತದೆ. ಒಳ್ಳೆಯ ಮನಸ್ಸಿನಿಂದ ಬಿಟ್ಟವರನ್ನು ಮೇಲಧಿಕಾರಿಯ ಬೈಗುಳದಿಂದಲೂ ಅದೇ ಕಾಪಾಡುತ್ತದೆ.

ದಂಡದಲ್ಲಿ ರಿಯಾಯಿತಿ ಕೊಟ್ಟರೆ ಶಿಸ್ತು ಕೆಡುತ್ತದೆ ಎನ್ನುವವರು ಒಂದು ಸಂಗತಿ ಗಮನಿಸಬೇಕು. ೨೦೨೩ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರವೇ ಬಾಕಿ ಉಳಿದ ಸಂಚಾರ ದಂಡಗಳಿಗೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತು. ಜನ ಸಾಲುಗಟ್ಟಿ ನಿಂತು ಕಟ್ಟಿದರು. ವರ್ಷಗಟ್ಟಲೆ ಕಟ್ಟದೆ ಉಳಿದವರಿಗೆ ಅರ್ಧ ಮಾಫಿ ಮಾಡಲು ಬರುವುದಾದರೆ, ಆಸ್ಪತ್ರೆಗೆ ಓಡುವವನಿಗೆ ಒಂದು ದಿನದ ಗಡುವು ಕೊಡಲು ಬಾರದೇ?

ನಮ್ಮ ಪಾಲಿನ ಕೆಲಸ

ಎಲ್ಲವನ್ನೂ ಪೊಲೀಸರ ಮೇಲೆ ಹೊರಿಸಿದರೆ ನ್ಯಾಯವಾಗದು. ಅವಸರದ ಹೊತ್ತಿನಲ್ಲಿ ನಾವೂ ಕೆಲವು ಸಂಗತಿ ನೆನಪಿಡಬೇಕು.

ಮೊದಲು ೧೦೮ಕ್ಕೆ ಕರೆ ಮಾಡಿ. ೨೦೦೮ರ ನವೆಂಬರ್‌ನಿಂದ ರಾಜ್ಯದಲ್ಲಿರುವ ಸೇವೆಯಿದು. ಆಂಬುಲೆನ್ಸ್ ತಡವಾಗುವಂತಿದ್ದು ಸ್ವಂತ ವಾಹನದಲ್ಲೇ ಹೊರಡಬೇಕಾದರೆ ೧೧೨ಕ್ಕೆ ತಿಳಿಸಿ: ಇಂಥ ರಸ್ತೆ, ಇಂಥ ವಾಹನ, ಇಂಥ ರೋಗಿ. ಸಾಧ್ಯವಿದ್ದರೆ ರೋಗಿಯ ಹತ್ತಿರದವರು ಓಡಿಸದೆ ಬೇರೆಯವರು ಓಡಿಸಲಿ. ಕಣ್ಣೀರು ತುಂಬಿದ ಕಣ್ಣಿಗೆ ರಸ್ತೆ ಕಾಣುವುದಿಲ್ಲ. ಆಸ್ಪತ್ರೆಯ ಚೀಟಿ ಅಂಗಿಯ ಮೇಲಿನ ಜೇಬಿನಲ್ಲಿರಲಿ. ಲೈಸೆನ್ಸ್, ಆರ್‌ಸಿಗಳನ್ನು ಡಿಜಿಲಾಕರ್‌ನಲ್ಲಿ ಇಟ್ಟುಕೊಂಡರೆ ಬೀರು ಹುಡುಕುವ ಕೆಲಸ ತಪ್ಪುತ್ತದೆ. ಪೊಲೀಸರು ಕೈ ಅಡ್ಡ ಹಿಡಿದರೆ ನುಗ್ಗಬೇಡಿ. ವೇಗ ತಗ್ಗಿಸಿ, ಬದಿಗೆ ನಿಲ್ಲಿಸಿ, ಒಂದೇ ವಾಕ್ಯದಲ್ಲಿ ಹೇಳಿ: ‘ಮಗುವಿಗೆ ಹಾವು ಕಚ್ಚಿದೆ, ಜಿಲ್ಲಾಸ್ಪತ್ರೆಗೆ ಹೋಗುತ್ತಿದ್ದೇವೆ, ನಂಬರ್ ಬರೆದುಕೊಳ್ಳಿ.’ ವಾದಕ್ಕಿಳಿದರೆ ಕಳೆಯುವುದು ನಿಮ್ಮ ನಿಮಿಷಗಳೇ.

ದಾರಿಯಲ್ಲಿ ಬಿದ್ದ ಪರಕೀಯನನ್ನು ಆಸ್ಪತ್ರೆಗೆ ಸೇರಿಸಲು ‘ಕೇಸು ಮೈಮೇಲೆ ಬಂದೀತು’ ಎಂದು ಹಿಂಜರಿಯುವವರಿಗೂ ಒಂದು ಮಾತು. ೨೦೧೬ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಹರೀಶ್ ಎಂಬ ಯುವಕ, ಸಾಯುವ ಮುನ್ನ ತನ್ನ ಅಂಗಾಂಗ ದಾನ ಮಾಡಿ ಎಂದದ್ದನ್ನು ಕನ್ನಡಿಗರು ಮರೆತಿಲ್ಲ. ಅದು ನಮ್ಮ ಹಿರಿಯೂರು, ಚಿತ್ರದುರ್ಗಗಳನ್ನು ಹಾದು ಬರುವ ಹೆದ್ದಾರಿಯೇ. ಅವನ ಹೆಸರಿನಲ್ಲಿ ರಾಜ್ಯ ಸರ್ಕಾರ ಅಪಘಾತಕ್ಕೀಡಾದವರಿಗೆ ಮೊದಲ ೪೮ ಗಂಟೆಗಳ ಚಿಕಿತ್ಸೆಯ ಯೋಜನೆ ಆರಂಭಿಸಿತು. ನೆರವಾದವರನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಪೀಡಿಸದಂತೆ ಕಾಪಾಡುವ ಕಾಯ್ದೆಯನ್ನೂ ಅದೇ ವರ್ಷ ರೂಪಿಸಿತು. ೨೦೧೯ರಿಂದ ಕೇಂದ್ರ ಕಾಯ್ದೆಯ ೧೩೪ಎ ಕಲಮೂ ಅದನ್ನೇ ಹೇಳುತ್ತದೆ.

ಚಿತ್ರದುರ್ಗದವರಿಗೆ ಕಾವಲಿನ ಕಥೆ ಹೊಸದಾಗಿ ಹೇಳಬೇಕಿಲ್ಲ. ಕಾವಲಿಗೆ ನೇಮಕವಾಗಿದ್ದವನು ಗಂಡ. ಕಳ್ಳಗಂಡಿಯಲ್ಲಿ ಶತ್ರುಗಳನ್ನು ಕಂಡವಳು ನೀರಿಗೆ ಬಂದ ಓಬವ್ವ. ಅಪ್ಪಣೆ ಕೇಳಲು ಅವಳು ಓಡಲಿಲ್ಲ, ಕೈಗೆ ಸಿಕ್ಕಿದ ಒನಕೆ ಹಿಡಿದಳು. ಕಾವಲೆಂದರೆ ಬಾಗಿಲಲ್ಲಿ ನಿಲ್ಲುವುದಲ್ಲ, ಒಳಗಿರುವ ಜೀವಗಳನ್ನು ಉಳಿಸುವುದು ಎಂದು ಅವಳಿಗೆ ಗೊತ್ತಿತ್ತು. ವೃತ್ತದಲ್ಲಿ ನಿಂತ ಪೊಲೀಸ್ ಸಿಬ್ಬಂದಿಯ ಕೆಲಸವೂ ಅದೇ. ಮುಂದಿನ ಸಲ ನಿಮ್ಮ ಮಕ್ಕಳು ‘ಪೊಲೀಸರು ಯಾಕಿರುವುದು?’ ಎಂದು ಕೇಳಿದರೆ, ‘ದಂಡ ಹಾಕೋಕೆ’ ಎಂದು ನಕ್ಕು ಸುಮ್ಮನಾಗಬೇಡಿ. ಅವರ ಕೆಲಸ ಏನೆಂದು ಬಿಡಿಸಿ ಹೇಳಿ. ಆ ಮಕ್ಕಳಲ್ಲೇ ಒಬ್ಬರು ನಾಳೆ ಖಾಕಿ ತೊಟ್ಟು ಆ ವೃತ್ತದಲ್ಲಿ ನಿಲ್ಲಬಹುದು.